ಡ್ರೈವರ್ ಬಾಜೂಕಿನ ಸೀಟು

ಡಿಸೆಂಬರ್ ೨, ಮಂಗಳವಾರ

ಟೈರಿನ ಗಾಳಿ ನೋಡಿದೆ. ಟ್ರೇಲರಿನ ಹುಕ್ಕು ಸರಿಯಾಗಿ ಕೂತಿದೆ. ಚೈನು ಹಾಕಿದೆ. ಹಿಂದಿನ ಲೈಟು, ಎಡ ಇಂಡಿಕೇಟರ್, ಬಲ ಇಂಡಿಕೇಟರ್ — ಎಲ್ಲ ಸರಿ. ಇಷ್ಟೆಲ್ಲ ಮಾಡಿ, ಕೈ ಒರೆಸಿಕೊಂಡು, ಹೋಗಿ ಬಾಜೂ ಸೀಟಿನಲ್ಲಿ ಕೂತೆ. ಜವಳಿ ಅಂಗಡಿಯಲ್ಲಿ ಚೀಲ ಹಿಡಿದು ಕೂಡುವ ಗಂಡಸರ ಹಾಗೆ.

ಬೊಲೆರೊ ನನ್ನದು. ಹಿಂದೆ ಕಟ್ಟಿದ ಕ್ಯಾಂಪಿಂಗ್ ಟ್ರೇಲರ್ ನನ್ನ ಕನಸು. ನಾನೇ ಡ್ರಾಯಿಂಗ್ ಹಾಕಿ, ದಿನಾ ಕಾಲೇಜಿನಲ್ಲಿ ಪಾಠ ಮುಗಿಸಿ ಜಲಾಲುದ್ದೀನನ ವೆಲ್ಡಿಂಗ್ ಶೆಡ್ಡಿನಲ್ಲಿ ಕೂತು ಕಟ್ಟಿಸಿದ್ದು. ಎರಡು ಮಂಚ, ಒಂದು ಗ್ಯಾಸಿನ ಒಲೆ, ಸಣ್ಣ ಕಟ್ಟೆ, ಹಿಂದೆ ಕಿಟಕಿ. ಓಡಿಸುವವಳು ಮಾತ್ರ ಪದ್ಮಜಾ. ನನ್ನ ಹೆಂಡತಿ.

ಕಾರಣ ಇದೆ. ಕಳೆದ ತಿಂಗಳು ಹುನಗುಂದ ಕ್ರಾಸಿನಲ್ಲಿ ಒಬ್ಬ ಕ್ರೂಸರ್ ಜೀಪಿನವನು ಅಡ್ಡ ನುಗ್ಗಿದ. ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿ ಇಳಿದೆ. ಮಾತಿಗೆ ಮಾತು ಬೆಳೆಯಿತು. ಎರಡೂ ಕಡೆ ಬಸ್ಸು, ಲಾರಿ ನಿಂತವು. ಯಾರೋ ಮೊಬೈಲಿನಲ್ಲಿ ಹಿಡಿದರು. ಸಂಜೆಯೊಳಗೆ ಬಾಗಲಕೋಟೆಯ ಎಲ್ಲ ಗ್ರೂಪಿನಲ್ಲೂ ನಾನೇ... 'ಫಿಜಿಕ್ಸ್ ಸರ್ ಫೈಟಿಂಗ್'. ಪದ್ಮಜಾ ಚಾವಿ ಎತ್ತಿಟ್ಟಳು.

"ನಿಮಗ ಶಾಂತ ಇರೂದು ಬರೂತನಕ ಚಾವಿ ನನ್ನ ಹಂತೇಕ ಇರ್ತದ ನೋಡ್ರಿ."

ಇವತ್ತು ಬಾದಾಮಿತನಕ ಹೋಗಿ ಬಂದೆವು. ಕಬ್ಬಿನ ಸೀಜನ್. ಟ್ರ್ಯಾಕ್ಟರ್ ಹಿಂದೆ ಎರಡೆರಡು ಟ್ರೇಲರ್, ರಸ್ತೆ ತುಂಬ ಕಬ್ಬು, ಕಿವಿ ಕಿತ್ತುಹೋಗುವಂಥ ಹಾಡು, ಹಿಂದೆ ಒಂದು ಲೈಟಿಲ್ಲ. ನಾನು ಬೈದೆ. ಅವಳು ವೇಗ ತಗ್ಗಿಸಿ ಸುಮ್ಮನೆ ಹಿಂದೆ ಹೋದಳು. ರಸ್ತೆ ಅಗಲವಾದ ಕಡೆ ಟ್ರ್ಯಾಕ್ಟರಿನವನೇ ಸರಿದು ಕೈ ಮಾಡಿದ.

"ಹೋಗ್ರಿ ಅಕ್ಕಾರ, ಮುಂದ ಖಾಲಿ ಐತಿ!"

ಇವಳು ಕೈ ಎತ್ತಿದಳು. ಅವನು ಬಾಯಿ ತುಂಬ ನಕ್ಕ. ನಾನು ಇಷ್ಟು ವರ್ಷ ಗಾಡಿ ಓಡಿಸಿದ್ದೇನೆ, ಒಬ್ಬ ಟ್ರ್ಯಾಕ್ಟರಿನವನೂ ನನ್ನನ್ನು ನೋಡಿ ನಕ್ಕಿಲ್ಲ. ಹೊಟ್ಟೆ ಉರಿಯಿತು. ಬರೆದೇ ಬಿಡುತ್ತೇನೆ, ಇಲ್ಲಿ ಓದುವವರು ಯಾರಿದ್ದಾರೆ.

ಡಿಸೆಂಬರ್ ೭, ರವಿವಾರ

ಇಳಕಲ್ಲಿನಿಂದ ವಿಜಯೀಂದ್ರ ಬಂದಿದ್ದ. ಪದ್ಮಜಾಳ ಸೋದರಮಾವನ ಮಗ. ರಿಟೈರ್ಡ್ ಪ್ರಿನ್ಸಿಪಾಲ. ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಇಸ್ತ್ರಿ ಮಾಡಿದ ಮನುಷ್ಯ — ಅಂಗಿಯೂ, ಮಾತೂ. ಸಿಟ್ಟು ಬಂದದ್ದನ್ನು ಯಾರೂ ನೋಡಿಲ್ಲವಂತೆ. ಅವರ ತವರಿನಲ್ಲಿ ಈ ಮಾತನ್ನು ಪ್ರಸಾದದ ಹಾಗೆ ಹಂಚುತ್ತಾರೆ.

ಒಂದು ಕಾಲಕ್ಕೆ ಇವಳನ್ನು ಅವನಿಗೇ ಕೊಡಬೇಕೆಂದಿದ್ದರು. ಜಾತಕ ಕೂಡಲಿಲ್ಲ. ಮಂಗಳಗ್ರಹದ ಉಪಕಾರ ನನ್ನ ಮೇಲಿದೆ.

ಹಿಂದಿನ ಬಯಲಿನಲ್ಲಿ ರಿವರ್ಸ್ ಕಲಿಕೆ. ಟ್ರೇಲರ್ ರಿವರ್ಸ್ ಸುಲಭದ್ದಲ್ಲ, ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಅದು ಎಡಕ್ಕೆ ಓಡುತ್ತದೆ. ವಾರಪೂರ್ತಿ ಹಾಳೆಯ ಮೇಲೆ ಕೋನ ಬರೆದು ವಿವರಿಸಿದ್ದೆ. ತಲೆಗೆ ಹೋಗಿರಲಿಲ್ಲ. ಇವನು ಬಂದವನೇ—

"ಪದ್ದೀ, ಸ್ಟೇರಿಂಗಿನ ಕೆಳಗ ಕೈ ಹಿಡಿ. ಡಬ್ಬಿ ಯಾವ ಕಡೆ ಹೋಗಬೇಕೋ ಆ ಕಡೆ ಕೈ ಸರಸು. ಮುಗೀತು."

ಮುಗಿಯಿತು. ಟ್ರೇಲರ್ ದಾರ ಹಿಡಿದ ಹಾಗೆ ನೇರ ಹಿಂದೆ ಹೋಯಿತು. ಪದ್ಮಜಾ ಚಪ್ಪಾಳೆ ತಟ್ಟಿದಳು.

ಪದ್ದಿ! ಮದುವೆಯಾಗಿ ಇಪ್ಪತ್ತೇಳು ವರ್ಷ. ನಾನು ಯಾವತ್ತೂ ಪದ್ದಿ ಎಂದಿಲ್ಲ. ಈಗ ಶುರು ಮಾಡಿದರೆ ಅವನನ್ನು ನೋಡಿ ಕಲಿತೆ ಎಂದಾಗುತ್ತದೆ.

ಡಿಸೆಂಬರ್ ೧೦

ಶಾಂತಿಯ ಅಭ್ಯಾಸ ಶುರು. ಸ್ಕೂಟರಿನ ಮೇಲೆ. ನಿಯಮ: ಬಾಯಲ್ಲಿ ಲವಂಗ, ಮೂಗಿನಿಂದ ಉಸಿರು, ಎದುರಿನವನಿಗೆ ಏನೋ ಅವಸರದ ಕೆಲಸವಿದೆ ಎಂದು ತಿಳಿಯುವುದು.

ಮನೆಯಿಂದ ಕಾಲೇಜಿಗೆ — ಒಬ್ಬ ಟಂಟಂ ಆಟೋದವನು ಇಂಡಿಕೇಟರ್ ಇಲ್ಲದೆ ತಿರುಗಿದ. ಅವನ ತಾಯಿಗೆ ಆರಾಮ ಇಲ್ಲ ಎಂದುಕೊಂಡೆ. ಮುಂದೆ ಹೋಗಿ ನೋಡಿದರೆ ಅವನು ಚಹದ ಅಂಗಡಿ ಮುಂದೆ ನಿಲ್ಲಿಸಿ ತಂಬಾಕು ತಿಕ್ಕುತ್ತ ನಿಂತಿದ್ದ. ಲವಂಗ ಉಗುಳಿ ಹೇಳಬೇಕಾದದ್ದನ್ನು ಹೇಳಿ ಬಂದೆ.

ಡಿಸೆಂಬರ್ ೨೧, ರವಿವಾರ

ಇಳಕಲ್ಲಿಗೆ, ವಿಜಯೀಂದ್ರನ ಮನೆಗೆ ಊಟಕ್ಕೆ. ಟ್ರೇಲರ್ ಸಮೇತ. ಅವಳಿಗೆ ಹೈವೇ ರೂಢಿಯಾಗಲಿ ಎಂದು.

ದಾರಿಯುದ್ದಕ್ಕೂ ಬೈದೆ. ಎಡಗಡೆಯಿಂದ ನುಗ್ಗಿದ ಬೈಕಿನವನು, ಹಿಂದೆ ಅಂಟಿಕೊಂಡು ಲೈಟ್ ಮಿನುಗಿಸಿದ ಕಾರಿನವನು, ನಮ್ಮ ಉದ್ದವನ್ನೇ ಮರೆತು ಒಳಬಂದ ಬಸ್ಸಿನವನು... ಯಾರನ್ನೂ ಬಿಡಲಿಲ್ಲ. ಅವಳು "ಹೋಗ್ಲಿ ಬಿಡ್ರಿ" ಎಂದಳು. ನಾನು ಬಿಡಲಿಲ್ಲ. ಅವಳು ಮತ್ತೆ ಅದನ್ನೇ ಎಂದಳು. ಹೀಗೇ ಇಳಕಲ್ಲು ಬಂತು.

ಊಟಕ್ಕೆ ಕೂತಾಗ ಪದ್ಮಜಾ ಎಲ್ಲ ಹೇಳಿ ನಕ್ಕಳು. ವಿಜಯೀಂದ್ರ ಮಜ್ಜಿಗೆ ಬಡಿಸುತ್ತ—

"ಶಿರೀಷರಾವ್ರ, ಸಂಕ್ರಮಣಕ್ಕ ಕೂಡಲಸಂಗಮಕ್ಕ ಹೊಂಟೀರಂತಲ್ಲ. ನಾನೂ ಬರ್ತೇನಿ. ಪದ್ದಿಗೆ ದಣಿವಾದ್ರ ಗಾಡಿ ನಾ ಹೊಡೀತೇನಿ. ನೀವು ಹಿಂದ ಆರಾಮ ಕೂಡ್ರಿ, ಬಿ.ಪಿ. ಏರಸ್ಕೋಬ್ಯಾಡ್ರಿ."

"ಭಾಳ ಛೊಲೊ ಆತು," ಎಂದಳು ಇವಳು.

ನನ್ನ ಟ್ರೇಲರಿನ ಮೊದಲ ರಾತ್ರಿ ವಸ್ತಿ. ಹೊಳೆ ದಂಡೆಯಲ್ಲಿ, ನಾವಿಬ್ಬರೇ, ಬೆಳಿಗ್ಗೆ ಎದ್ದು ಕಿಟಕಿ ತೆಗೆದರೆ ಸಂಗಮ ಕಾಣಬೇಕು — ಇದಕ್ಕೇ ಕಟ್ಟಿಸಿದ್ದು. ಅಂಥದ್ದರಲ್ಲಿ ನಾನು ಹಿಂದಿನ ಸೀಟಿನಲ್ಲಿ ಕೂಡಬೇಕು, ರೊಟ್ಟಿ ಬುಟ್ಟಿಯ ಜೊತೆ! ಎರಡೇ ಮಂಚ ಮಾಡಿಸಿದ್ದು ಪುಣ್ಯ. ಅವನು ವಸ್ತಿಗೆ ಬೇರೆ ಕಡೆ ನೋಡಿಕೊಳ್ಳುತ್ತಾನಂತೆ. ಅಷ್ಟಾದರೂ ತಿಳಿದಿದೆ.

ಡಿಸೆಂಬರ್ ೨೨

ಕೇಳಿಯೇ ಬಿಟ್ಟೆ. ಚಾವಿ ಯಾವಾಗ ಕೊಡುತ್ತೀ?

ಪದ್ಮಜಾ ಅವರೆಕಾಯಿ ಸುಲಿಯುತ್ತಿದ್ದಳು.

"ಪಟ್ಟದಕಲ್ಲಿಗೆ ಒಂದ ಸಲ ಹೋಗಿ ಬರೋಣ. ನಾ ಹೊಡೀತೇನಿ, ನೀವು ಬಾಜೂ ಕೂಡ್ರಿ. ಯಾರಿಗೂ ಒಂದ ಶಬ್ದ ಅನಬಾರದು. ಪಾಸಾದ್ರ ಚಾವಿ ನಿಮ್ಮದು. ಸಂಗಮಕ್ಕ ನೀವ ಹೊಡೀರಿ."

"ವಿಜಯೀಂದ್ರ?"

"ಅಂವ ಹಿಂದ ಕೂಡ್ತಾನ. ಅದಕ್ಕೇನು."

ಒಪ್ಪಿದೆ. ಇಷ್ಟು ಸಂತೋಷ ಎಂ.ಎಸ್ಸಿ. ಪಾಸಾದಾಗ ಆಗಿರಲಿಲ್ಲ.

ಡಿಸೆಂಬರ್ ೨೮, ರವಿವಾರ

ನನಗೆ ಪರೀಕ್ಷೆ ಡ್ಯೂಟಿ. ಮನೆಗೆ ಬಂದು ನೋಡಿದರೆ ಟ್ರೇಲರ್ ಇಲ್ಲ. ಅವಳೂ ಇಲ್ಲ. ಫೋನ್ ಮಾಡಿದೆ. ವಿಜಯೀಂದ್ರ ಬಂದಿದ್ದನಂತೆ, ಇಬ್ಬರೂ ಹುನಗುಂದದ ತನಕ ಹೋಗಿದ್ದರಂತೆ. ಅವನು ಬಾಜೂ ಸೀಟಿನಲ್ಲಿ.

ಆರು ಗಂಟೆಗೆ ಬಂದಳು. ಅವನು ಗೇಟಿನಿಂದಲೇ ತನ್ನ ಕಾರು ಹತ್ತಿ ಹೋದ. "ಹೆಂಗಾತು?" ಎಂದೆ.

"ಛೊಲೊ ಆತು."

"ಏನ್ ಮಾತಾಡಿದ್ರಿ?"

"ಏನೂ ಇಲ್ಲ. ವಿಜೂ ಗೊತ್ತಲ್ಲ, ಸುಮ್ಮನ ಕೂಡ್ತಾನ."

ಸುಮ್ಮನೆ ಕೂಡುತ್ತಾನೆ. ಇಬ್ಬರೂ ಸುಮ್ಮನೆ. ಹುನಗುಂದದ ತನಕ, ಅಲ್ಲಿಂದ ಇಲ್ಲಿಯ ತನಕ, ಸುಮ್ಮನೆ ಕೂಡುವಷ್ಟು ಸಲಿಗೆ. ನಾನಿದ್ದರೆ ಬೈಗುಳ, ಅವನಿದ್ದರೆ ಶಾಂತಿ. ಮಾತಾಡಿದ್ದರೂ ತಡೆದುಕೊಳ್ಳುತ್ತಿದ್ದೆ.

ಸೀಟು ನೋಡಿದೆ. ಹಿಂದಕ್ಕೆ ಸರಿಸಿದ್ದಾನೆ, ಕಾಲು ಉದ್ದ. ಮೊದಲಿನ ಜಾಗಕ್ಕೆ ತಂದು ಕೂಡಿಸಿದೆ. ಎಡಗಡೆಯ ಕನ್ನಡಿಯನ್ನೂ ಒರೆಸಿದೆ. ಅದನ್ನು ನನಗೆ ಕಾಣುವ ಹಾಗೆ ತಿರುಗಿಸಿಕೊಂಡಿದ್ದೇನೆ, ಅದರಲ್ಲಿ ನೋಡುವವನು ನಾನೊಬ್ಬನೇ.

ಜನವರಿ ೪, ರವಿವಾರ. ಬೆಳಿಗ್ಗೆ

ಇವತ್ತು ಪರೀಕ್ಷೆ. ಪಟ್ಟದಕಲ್ಲು. ಜೇಬಿನಲ್ಲಿ ಲವಂಗದ ಡಬ್ಬಿಯೇ ಇದೆ. ಬಾಯಿ ಬಿಡುವುದಿಲ್ಲ. ಅವನು ಸುಮ್ಮನೆ ಕೂಡಬಲ್ಲನಾದರೆ ನಾನು ಅವನಿಗಿಂತ ಸುಮ್ಮನೆ ಕೂಡಬಲ್ಲೆ.

ಅದೇ ದಿನ, ಸಂಜೆ

ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಊರು ದಾಟುವ ತನಕ ಏನಿಲ್ಲ. ಆಮೇಲೆ ಒಬ್ಬೊಬ್ಬರೇ ಬಂದರು, ನನ್ನ ಪರೀಕ್ಷೆಗೆಂದೇ ಕಳಿಸಿದ ಹಾಗೆ. ಹುಲ್ಲಿನ ಹೊರೆ ಅಡ್ಡ ಇಟ್ಟುಕೊಂಡ ಬೈಕಿನವನು. ಲವಂಗ. ತಿರುವಿನಲ್ಲಿ ಓವರ್‌ಟೇಕ್ ಮಾಡಿದ ಜೀಪು. ಲವಂಗ. ಎಡಗಡೆಯ ಮಣ್ಣಿಗಿಳಿದು ಟ್ರೇಲರ್ ಪಕ್ಕದಿಂದ ನುಸುಳುತ್ತಿದ್ದ ಟಂಟಂ — ಕನ್ನಡಿಯಲ್ಲಿ ಕಂಡಿತು, ನಾಲಿಗೆಯ ತುದಿಗೆ ಬಂತು, ನುಂಗಿದೆ. ಪದ್ಮಜಾ ಅದನ್ನು ನೋಡಿರಲಿಲ್ಲ. ಬಾಗಿಲ ಸನಿಹ ಬಂದಾಗ ಬೆಚ್ಚಿ ಬಲಕ್ಕೆ ಎಳೆದಳು. ಹಿಂದೆ ಟ್ರೇಲರ್ ಓಲಾಡಿತು. ಆದರೂ ನಾನು ಸುಮ್ಮನೆ.

ಅವಳು ನನ್ನ ಕಡೆ ನೋಡಿದಳು. ಒಂದು ಸಲವಲ್ಲ, ಮತ್ತೆ ಮತ್ತೆ. ಹಾರ್ನ್ ಬಾರಿಸತೊಡಗಿದಳು, ಯಾರೂ ಇಲ್ಲದ ಕಡೆಯೂ. ಕೈ ಸ್ಟೇರಿಂಗಿಗೆ ಅಂಟಿಕೊಂಡಂತಿತ್ತು. ನನಗೆ ಒಳಗೊಳಗೇ ಖುಷಿ. ಶಾಂತಸ್ವಭಾವದವಳಿಗೆ ಇವತ್ತು ಏನಾಯಿತು!

ಗುಳೇದಗುಡ್ಡದ ಸಮೀಪ ಒಬ್ಬ ಕ್ರೂಸರಿನವನು ಸರ್ರನೆ ಮುಂದೆ ಬಂದು, ಕೈ ಮಾಡಿದ ಒಬ್ಬ ಮುದುಕಿಯನ್ನು ಹತ್ತಿಸಿಕೊಳ್ಳಲು ಗಕ್ಕನೆ ನಿಂತ. ಇವಳು ಬ್ರೇಕ್ ಒತ್ತಿದಳು. ಹಿಂದಿನಿಂದ ಟ್ರೇಲರ್ ನೂಕಿತು. ಅವನ ಬಂಪರಿಗೂ ನಮಗೂ ಒಂದು ಗೇಣು.

ಪದ್ಮಜಾ ಗಾಜು ಇಳಿಸಿದಳು.

"ಲೇ ಹುಚ್ಚ ಮಂಗ್ಯಾ! ರಸ್ತಾ ನಿಮ್ಮಪ್ಪ ಬರದು ಕೊಟ್ಟಾನೇನಲೇ? ಕಣ್ಣ ಹೆಡಕಿನ್ಯಾಗ ಅದಾವೇನು? ಮಂದೀ ಜೀವ ಅಂದ್ರ ಉಳ್ಳಾಗಡ್ಡಿ ಚೀಲ ಮಾಡೀಯೇನಲೇ?"

ಇನ್ನೂ ಇತ್ತು. ಎಲ್ಲ ನನ್ನ ಬೈಗುಳಗಳೇ. ನಾನು ಮರೆತಿದ್ದವೂ ಇದ್ದವು. ಸಾಲು ಕೂಡ ತಪ್ಪಿರಲಿಲ್ಲ.

ಕ್ರೂಸರಿನವನು ಇಳಿದು ಬಂದ. ಜಗಳ ಎಂದುಕೊಂಡೆ. ಅವನು ಕೈ ಮುಗಿದ.

"ತಪ್ಪಾತ್ರಿ ಅಕ್ಕಾರ."

ಹುನಗುಂದ ಕ್ರಾಸಿನಲ್ಲಿ ನನ್ನ ಕಾಲರ್ ಹಿಡಿದಿದ್ದರು. ಇವಳಿಗೆ ಅಲ್ಲೂ ಅಕ್ಕಾರ.

ಮುಂದೆ ಬೇವಿನ ಗಿಡದ ಕೆಳಗೆ ನಿಲ್ಲಿಸಿದಳು. ಇಂಜಿನ್ ಆರಿಸಿದಳು. ಕಣ್ಣಲ್ಲಿ ನೀರು. ನಾನು ನೀರಿನ ಬಾಟ್ಲಿ ಕೊಟ್ಟೆ, ಕುಡಿಯಲಿಲ್ಲ.

"ನೀವ್ಯಾಕ ಸುಮ್ಮನ ಕೂತ್ರಿ?"

"ನೀನ ಹೇಳಿದ್ದಲ್ಲ!"

"ಹೇಳಿದ್ದೆ ಖರೆ. ಹೇಳೂಮುಂದ ನನಗ ಗೊತ್ತಿರಲಿಲ್ಲ. ಹಿಂದ ಆ ಡಬ್ಬಿ ಇದ್ರ ನನಗ ಏನ್ ಕಾಣಸ್ತದ? ಎಡಕ್ಕ ಒಬ್ಬಾವ ಬಂದಾ, ಹಿಂದ ಒಬ್ಬಾವ ಅಂಟ್ಯಾನ, ಎಲ್ಲಾ ನೀವು ಬೈಯೂದ್ರಾಗ ತಿಳೀತಿತ್ತು. ಇವತ್ತ ಕಿವೀನ ಇಲ್ಲಧಂಗ ಆತು. ಸಿಟ್ಟು ನಿಮ್ಮ ಪಾಲಿಂದು, ಗಾಡಿ ನನ್ನ ಪಾಲಿಂದು ಅಂತ ಇಷ್ಟ ದಿವಸ ಹೊಡದೆ. ಎರಡೂ ನನ್ನ ಮ್ಯಾಲ ಹಾಕಿದ್ರ ಹೆಂಗರೀ?"

ಟಂಟಂ ನೆನಪಾಯಿತು. ಅವಳಿಗೆ ಕಾಣದ್ದು ನನಗೆ ಕಂಡಿತ್ತು. ಪಾಸಾಗಲೆಂದು ನುಂಗಿದ್ದೆ. ನಾಚಿಕೆಯಾಯಿತು.

ಆದರೂ ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂದೇ ಬಂತು. "ಅವತ್ತ ವಿಜಯೀಂದ್ರ ಕೂತಿದ್ನಲ್ಲ. ಅಂವನೂ ಸುಮ್ಮನ ಕೂತಿದ್ದ."

"ಹೌದು. ಹೋಗಿ ಬರೂತನಕ ಸ್ಟೇರಿಂಗ್ ಬೆವತು ಜಾರತಿತ್ತು. ಅರ್ಧ ದಾರ್‍ಯಾಗ ನೋಡಿದ್ರ ಅಂವಗ ನಿದ್ದಿ ಹತ್ತಿತ್ತು."

"ಮತ್ತ ಛೊಲೊ ಆತು ಅಂದಿ?"

"ನಿಮ್ಮ ಮಾರಿ ನೋಡಿದ್ದೆ. ನೀವು ಬೇಕಾಗಿತ್ತು ಅಂದ್ರ ತಲೀ ಮ್ಯಾಲ ಕೂಡತಿದ್ರಿ."

ಲವಂಗದ ಡಬ್ಬಿ ಅವಳಿಗೆ ಕೊಟ್ಟೆ. ಪಟ್ಟದಕಲ್ಲಿಗೆ ಹೋಗಲೇ ಇಲ್ಲ. ಮನೆಗೆ ಬಂದ ಮೇಲೆ ಅವಳು ಚಾವಿ ತಂದು ನನ್ನ ಮುಂದಿಟ್ಟಳು. ಮಾತು ಮಾತೇ, ಒಂದು ಶಬ್ದವೂ ಅಂದಿಲ್ಲ, ಪಾಸು ಎಂದಳು.

ಜನವರಿ ೯

ಅವಳದ್ದೂ ವಿಡಿಯೋ ಬಂದಿದೆ. ಯಾರೋ ಹಿಂದಿನ ಕಾರಿನವರು ಹಿಡಿದದ್ದು. ನನ್ನದನ್ನು ನೋಡಿ ನಕ್ಕವರೆಲ್ಲ ಇವಳಿಗೆ ಕೈ ಮುಗಿದ ಚಿತ್ರ ಕಳಿಸಿದ್ದಾರೆ. 'ಅಕ್ಕಾರಿಗೆ ಜಯವಾಗಲಿ'. ಸ್ವಂತ ಬೈಗುಳ ಒಂದಿಲ್ಲ! ಎಲ್ಲ ನನ್ನಿಂದ ಕಲಿತದ್ದು.

ವಿಜಯೀಂದ್ರನೂ ಕಳಿಸಿದ್ದಾನೆ: 'ಪದ್ದೀ, ಇದು ನಿನಗೆ ಶೋಭಿಸುವುದಿಲ್ಲ.' ಅವಳು ಉತ್ತರ ಬರೆದಿಲ್ಲ. ಸಣ್ಣಗೆ ಖುಷಿಯಾಯಿತು.

ಜನವರಿ ೧೫, ಗುರುವಾರ. ಸಂಕ್ರಮಣ. ಬೆಳಿಗ್ಗೆ

ಗಾಡಿಯಲ್ಲೇ ಕೂತು ಬರೆಯುತ್ತಿದ್ದೇನೆ.

ಟೈರು, ಹುಕ್ಕು, ಚೈನು, ಲೈಟು ಆಯಿತು. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಬದನೆಕಾಯಿ ಪಲ್ಯ ಹಿಂದೆ ಇಟ್ಟಾಯಿತು. ಚಾವಿ ನನ್ನ ಕೈಯಲ್ಲೇ ಇತ್ತು. ವಿಜಯೀಂದ್ರ ಬಿಳಿ ಅಂಗಿ, ಸಣ್ಣ ಚೀಲ ಸಮೇತ ನಿನ್ನೆಯೇ ಬಂದು ಉಳಿದಿದ್ದ. ಹೊರಡುವಾಗ ಅಂದ—

"ಶಿರೀಷರಾವ್ರ, ಪದ್ದಿ ಕೈ ಈಗ ಛೊಲೊ ಕೂತದ. ಆಕೀನ ಹೊಡೀಲಿ. ನಾ ಬಾಜೂ ಕೂತು ಆಕೀಗೆ ಶಾಂತ ಇರೂದು ಹೇಳಿಕೊಡ್ತೇನಿ. ನೀವು ಹಿಂದ ಕೂಡ್ರಿ."

ಎಂದವನೇ ಮುಂದಿನ ಎಡ ಬಾಗಿಲಿಗೆ ಕೈ ಹಾಕಿದ.

ಎರಡು ತಿಂಗಳು ಆ ಸೀಟನ್ನು ಶಪಿಸಿದ್ದೇನೆ. ಇವತ್ತು ಅದಕ್ಕೆ ಬೇರೆಯವನ ಕೈ ಬಿದ್ದದ್ದೇ ತಡ, ಮೈಗೆ ಬೆಂಕಿ ಬಿದ್ದಂತಾಯಿತು. ಚಾವಿ ಪದ್ಮಜಾಳ ಕಡೆ ಒಗೆದೆ. ಹೆಚ್ಚುಕಡಿಮೆ ಓಡಿದೆ. ಅವನ ಕೈಯ ಕೆಳಗಿನಿಂದ ನುಗ್ಗಿ ಕೂತು ಬೆಲ್ಟ್ ಹಾಕಿಕೊಂಡೆ. ಇಂಡಿಕೇಟರ್ ಇಲ್ಲದೆ ನುಗ್ಗಿದ್ದು, ಒಪ್ಪುತ್ತೇನೆ.

"ಅಲ್ರೀ, ಚಾವಿ ಬೇಡೇನು?" ಎಂದಳು ಪದ್ಮಜಾ. "ಸಂಗಮಕ್ಕ ನೀವ ಹೊಡೀಬೇಕು ಅಂತಿದ್ರಲ್ಲ?"

"ಬ್ಯಾಡ. ನೀ ಹೊಡಿ. ಪದ್ದಿ."

ಬಾಯಿಂದ ಬಂದೇ ಹೋಯಿತು. ಅವಳು ಸೆರಗು ಸಿಕ್ಕಿಸಿ ಹತ್ತಿದಳು. ಕನ್ನಡಿ ಸರಿ ಮಾಡಿಕೊಳ್ಳುವಾಗ ನಗುತ್ತಿದ್ದದ್ದು ಕಂಡಿತು. ವಿಜಯೀಂದ್ರ ಹಿಂದೆ, ರೊಟ್ಟಿ ಬುಟ್ಟಿಯ ಜೊತೆ.

ಗಾಡಿ ಹೊರಟಿದೆ. ಅಕ್ಷರ ಕುಣಿಯುತ್ತಿವೆ. ಊರು ದಾಟಿತು. ಮಂದಿಯೆಲ್ಲ ಇವತ್ತು ಹೊಳೆಗೇ ಹೊರಟಿದ್ದಾರೆ, ಟ್ರ್ಯಾಕ್ಟರಿನಲ್ಲಿ, ಟಂಟಂನಲ್ಲಿ. ವಿಜಯೀಂದ್ರ ಹಿಂದಿನಿಂದ "ದೀರ್ಘ ಉಸಿರು ತಗೋ ಪದ್ದೀ" ಎನ್ನುತ್ತಿದ್ದಾನೆ. ಅವಳು ನನ್ನ ಮೊಣಕೈ ತಟ್ಟಿದಳು.

"ಏನ್ರಿ, ಬರಕೋತ ಕೂತೀರಿ? ಎಡಕ್ಕ ನೋಡ್ರಿ."

ಎಡಗಡೆಯ ಕನ್ನಡಿಯಲ್ಲಿ ಒಬ್ಬ ಬೈಕಿನವನು, ಮುಂದೆ ಕಬ್ಬಿನ ಗಳ, ಹಿಂದೆ ಇಬ್ಬರು, ಮಣ್ಣಿಗಿಳಿದು ನುಸುಳುತ್ತಿ— ಲೇ ಮಂಗ್ಯಾ