ಗುಬ್ಬಿಗೆ ಕೊಟ್ಟ ಅರ್ಧ ಗಂಟೆ

ಸೆಪ್ಟೆಂಬರ್ 3, ಬೆಳಿಗ್ಗೆ

ತಂಗೀ, ನಿನ್ನ ಯಜಮಾನರ ಮಂಡಿನೋವು ಹೇಗಿದೆ? ಪುಟ್ಟಿಯ ಕೆಮ್ಮು ನಿಂತಿತೆ? ನಿನ್ನ ಅತ್ತೆಯ ಬಾಯಿ ಹೇಗಿದೆ ಎಂದು ಕೇಳುವುದಿಲ್ಲ, ಅದಕ್ಕೆ ಎಂದೂ ಕಾಯಿಲೆ ಬಂದದ್ದಿಲ್ಲ. ಎಂದಿನಂತೆ ಮೊದಲು ಡೈರಿಯಲ್ಲಿ ಗೀಚುತ್ತಿದ್ದೇನೆ. ಶಾಲೆಯ ಮೆಟ್ಟಿಲು ಹತ್ತದೆ ಅಕ್ಷರ ಕಲಿತವಳು ನಾನು — ತಪ್ಪು ತಿದ್ದಿಯೇ ಕಾಗದಕ್ಕೆ ಇಳಿಸಬೇಕು.

ಯೂನಿವರ್ಸಿಟಿಯಲ್ಲಿ ಹೊಸ ಕೆಲಸ. ಲೈಬ್ರರಿ ಹಿಂದಿನ ಪ್ರಾರ್ಥನೆ ಕೋಣೆಯ ಬೀಗದ ಕೈ ಈಗ ನನ್ನದು. ಎಲ್ಲ ಮತದ ಮಕ್ಕಳಿಗೂ ಒಂದೇ ಕೋಣೆ. ಯಾರಿಗೂ ಯಾರಿಂದಲೂ ತೊಂದರೆ ಬೇಡವೆಂದು ಟೈಮ್‌ಟೇಬಲ್ ಹಾಕಿದೆ. ಒಂದೊಂದು ಗುಂಪಿಗೆ ಅರ್ಧ ಗಂಟೆ. ಬಣ್ಣದ ಪೆನ್ನಿನಲ್ಲಿ. ನೋಡಿದವರೆಲ್ಲ ಹೊಗಳಿದರು.

ಸೆಪ್ಟೆಂಬರ್ 19

ಮೊದಲ ವರ್ಷದ ಹುಡುಗಿ ಒಬ್ಬಳು. ಗುಬ್ಬಿ ಎನ್ನುತ್ತೇನೆ, ಅಷ್ಟೇ ಇದ್ದಾಳೆ. ಅವಳ ಮತದವರು ಇಡೀ ಕ್ಯಾಂಪಸ್ಸಿನಲ್ಲಿ ಇನ್ನೊಬ್ಬರಿಲ್ಲ. ಸಂಜೆ ಐದೂವರೆಯ ಪಾಳಿ ಅವಳೊಬ್ಬಳಿಗೇ ಎಂದು ಬರೆದೆ. ಯಾರೂ ಒಳಗೆ ನುಗ್ಗದಂತೆ ಬಾಗಿಲಲ್ಲಿ ಕುರ್ಚಿ ಹಾಕಿ ನಾನೇ ಕಾವಲು.

ಅಕ್ಟೋಬರ್ 11, ಸಂಜೆ

ಹತ್ತು ದಿನ ಬಾರದವಳು ಇಂದು ಬಂದಳು. ಕೈಯಲ್ಲಿ ಕಾಲೇಜು ಬಿಡುವ ಅರ್ಜಿ.

“ಯಾಕಮ್ಮ, ಯಾರಾದ್ರೂ ಏನಾದ್ರೂ ಅಂದ್ರಾ?”

“ಯಾರೂ ಏನೂ ಅನ್ನಲ್ಲ ಅಜ್ಜಿ. ಅದೇ ಕಷ್ಟ. ನಮ್ಮ ಪ್ರಾರ್ಥನೇಲಿ ಒಬ್ಬರು ಒಂದು ಸಾಲು ಹೇಳಿದ್ರೆ ಉಳಿದವರು ಮುಂದಿನ ಸಾಲು ಹೇಳ್ಬೇಕು. ಇಲ್ಲಿ ನಾನು ಹೇಳ್ತೀನಿ, ಕಾಯ್ತೀನಿ… ಫ್ಯಾನ್ ತಿರುಗ್ತಾ ಇರತ್ತೆ.”

ಉಪಕಾರ ಮಾಡುತ್ತೇನೆಂದು ಕೂಸನ್ನು ಒಂಟಿಯಾಗಿ ಕೂಡಿಹಾಕಿ, ಮೇಲೆ ಕಾವಲು ಬೇರೆ ಕೂತೆನಲ್ಲ.

“ಅರ್ಜಿ ಸೋಮವಾರದವರೆಗೂ ಬ್ಯಾಗಲ್ಲೇ ಇರ್ಲಿ. ನನಗೋಸ್ಕರ” ಎಂದೆ.

ಅಕ್ಟೋಬರ್ 12

ಟೈಮ್‌ಟೇಬಲ್ ಕಿತ್ತು ಹಾಕಿದೆ. ಗುಬ್ಬಿಯ ಹಿಂದು ಮುಂದಿನ ಪಾಳಿಯ ಇಬ್ಬರನ್ನು ಹಿಡಿದು ಅವಳ ಮುಂದೆ ಕೂರಿಸಿದೆ — ಒಬ್ಬ ಉದ್ದನೆಯ ಹುಡುಗ, ಲಂಬು ಎನ್ನುತ್ತೇನೆ; ಇನ್ನೊಬ್ಬಳು ಸೋಡಾಬುಡ್ಡಿ ಕನ್ನಡಕದವಳು. ಇಷ್ಟು ದಿನ ಚಪ್ಪಲಿ ಸ್ಟ್ಯಾಂಡಿನ ಹತ್ತಿರ ತಲೆ ಆಡಿಸಿದ್ದಷ್ಟೇ ಇವರ ಪರಿಚಯ. ಇವಳು ಒಂದು ಸಾಲು ಹೇಳಿದರೆ ಮುಂದಿನದನ್ನು ನೀವು ಹೇಳಿ ಎಂದೆ.

ಲಂಬುವಿಗೆ ಅಳುಕು. “ನಂಬಿಕೆ ಇಲ್ದೆ ನಿಮ್ಮ ಪ್ರಾರ್ಥನೆ ನಾನು ಹೇಳಿದ್ರೆ ತಪ್ಪಲ್ವಾ?”

“ನಂಬು ಅಂತ ಕೇಳ್ತಿಲ್ಲ. ಎದುರಿಂದ ಒಂದು ದನಿ ಬಂದ್ರೆ ಸಾಕು” ಎಂದಳು ಗುಬ್ಬಿ.

ಕನ್ನಡಕದವಳು ತಲೆ ಅಡ್ಡಡ್ಡ ಆಡಿಸಿದಳು. “ನಾನು ಹೇಳಲ್ಲ. ನಮ್ಮಲ್ಲಿ ಬೇರೆ ಪ್ರಾರ್ಥನೆ ಹೇಳೋ ಹಾಗಿಲ್ಲ. ಆದ್ರೆ ಪಕ್ಕದಲ್ಲಿ ಕೂತಿರ್ತೀನಿ.”

“ಅದೂ ಆಗತ್ತೆ” ಎಂದಳು ಗುಬ್ಬಿ.

ಅಕ್ಟೋಬರ್ 14, ಸಂಜೆ 7

ನಾನೂ ಒಳಗೇ ಕೂತೆ. ಗುಬ್ಬಿ ಒಂದು ಸಾಲು ಹೇಳಿದಳು. ಲಂಬು ಅಂಗೈಯಲ್ಲಿ ಬರೆದುಕೊಂಡದ್ದನ್ನು ನೋಡಿ ಓದಿದ. ಅವನ ಉಚ್ಚಾರ ದೇವರಿಗೇ ಪ್ರೀತಿ. ಗುಬ್ಬಿಗೆ ನಡುವೆಯೇ ನಗು ಬಂತು, ನಗುತ್ತಲೇ ಕಣ್ಣು ಒರೆಸಿಕೊಂಡಳು. ಕನ್ನಡಕದವಳು ತುಟಿ ಬಿಚ್ಚಲಿಲ್ಲ. ಗುಬ್ಬಿಯ ಕೈಯನ್ನೂ ಬಿಡಲಿಲ್ಲ.

ಹೊರಡುವಾಗ ಗುಬ್ಬಿ ಅರ್ಜಿಯನ್ನು ನನ್ನ ಕೈಗೇ ಕೊಟ್ಟಳು. “ಹರಿದು ಹಾಕಿ ಅಜ್ಜಿ. ಆದ್ರೆ ತಿಂಗಳ ಕೊನೇಲಿ ನಿಮ್ಮ ಸರದಿ. ನಿಮ್ಮನೇಲಿ ಏನು ಹೇಳ್ತಿದ್ರೋ ಅದನ್ನ ನಾವು ಕೇಳ್ಬೇಕು.”

“ಆಯ್ತು” ಎಂದುಬಿಟ್ಟೆ. ಮನೆಗೆ ಬಂದು ಕೂತರೆ, ಅಮ್ಮ ದೀಪ ಹಚ್ಚಿ ಹೇಳಿಸುತ್ತಿದ್ದುದರ ಮೊದಲ ಸಾಲಷ್ಟೇ ನಾಲಿಗೆಯ ಮೇಲಿದೆ. ಆಮೇಲಿನದು ಬರಲೊಲ್ಲದು. ಐವತ್ತು ವರ್ಷ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಕಿರಿಯವಳು ನೀನು, ನಿನಗೆ ನೆನಪಿರಬೇಕು. ನಿನ್ನ ಯಜಮಾನರ ಮಂಡಿಯ ವಿಷಯ ಆಮೇಲೆ ಬರೆದರೂ ಆದೀತು. ಮೊದಲು ಇದನ್ನು ಬರೆದು ಕಳಿಸು, ಬೇಗ, ತಿಂಗಳ ಕೊನೆಗೆ ಮುಂಚೆ ಕೈಸೇರುವ ಹಾಗೆ… ಎರಡನೇ ಸಾಲು ‘ಬೆಳಕೇ’ ಅಂತ ಶುರುವಾಗುತ್ತದೆಯೆ? ಮುಂದಿನದನ್ನು ನೀನೇ ಹೇಳು.