ನೀನು ಕೊಡಿಸಿದ್ದ ಸೀಟು

ಅಪ್ಪಾ,

ಇವತ್ತು ನಮ್ಮ ಟೊಲೀಡೊ ಬೇಸ್‌ಬಾಲ್ ಅಭಿಮಾನಿಗಳ ಕೂಟದಲ್ಲಿ, ಈ ಹುಚ್ಚು ಹೇಗೆ ಹಿಡಿಯಿತೆಂದು ಒಬ್ಬೊಬ್ಬರೂ ಹೇಳಬೇಕಿತ್ತು. ಮೊದಲು ಮುದುಕ ವೆಂಡೆಲ್ ಎದ್ದ.

"ಫೈನಲ್‌ನಲ್ಲಿ ನಮ್ಮೋನು ರನ್ ತಗೊಳ್ಳೋಕೆ ಹೋಮ್ ಪ್ಲೇಟಿಗೆ ಜಾರ್ಕೊಂಡು ಬಂದ್ರೆ, ಆ ಕುರುಡು ಅಂಪೈರ್ ಔಟ್ ಅಂದ್ಬಿಟ್ಟ! ನಾನೆಸೆದ ಕೋಕ್ ಲೋಟ ಸೀದಾ ಅವನ ತಲೆ ಮೇಲೆ! ಅವತ್ತೇ ಹಿಡೀತು ನೋಡಿ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ಅಂದು ರಾತ್ರಿ ನೀನು ಅಡುಗೆಮನೆಯ ನಲ್ಲಿಗೆ ತಲೆಯೊಡ್ಡಿ, ಕೂದಲಿಗೆ ಮೆತ್ತಿದ ಕೋಕ್‌ನ ಅಂಟು ತೊಳೆಯುತ್ತಿದ್ದೆ.

"ನಿಂದು ಹೇಳಮ್ಮ, ಡಾರ್ಲೀನ್," ಎಂದು ವೆಂಡೆಲ್ ನನ್ನತ್ತ ತಿರುಗಿದ.

"ನಾನೂ ಅವತ್ತು ಅಲ್ಲೇ ಇದ್ದೆ. ಆ ಅಂಪೈರನ್ನ ಬೈದು ಬೈದು ಗಂಟಲು ಕಟ್ಟೋಗಿತ್ತು!"

ಚಪ್ಪಾಳೆ ಬಿತ್ತು. ಹೇಳಿದ್ದು ಸುಳ್ಳೇನಲ್ಲ. ಯಾರ ಮಗಳೆಂದು ಮಾತ್ರ ಹೇಳಲಿಲ್ಲ.

ಪ್ಲೇಟಿನ ಹಿಂದೆ ನೀನೇ ಕೊಡಿಸಿದ್ದ ಸೀಟಿನಿಂದ ನನಗೆ ಚೆನ್ನಾಗಿ ಕಂಡಿತ್ತು, ಅಪ್ಪಾ. ನಮ್ಮ ಆಟಗಾರ ಔಟೇ ಆಗಿದ್ದ.