ಚಿಪ್ಪಿನ ಔಷಧಿ ಹುಡುಕುವ ಮಗಳಿಗೆ

ಮೇಡ್ಲೇರಿ
೧೬ ಫೆಬ್ರುವರಿ ೨೦೨೫

ಪ್ರೀತಿಯ ಮಗಳು ಶ್ರೀದೇವಿಗೆ,

ನಿನ್ನ ಅವ್ವನ ಆಶೀರ್ವಾದಗಳು. ಫೋನು ಮಾಡಿದರೆ ಇಬ್ಬರೂ “ಊಟ ಆತೇನು” ಎಂಬಲ್ಲಿಗೇ ನಿಂತುಬಿಡುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ. ಮೂವತ್ತೆರಡು ವರ್ಷ ಶಾಲೆಯಲ್ಲಿ ಪತ್ರಲೇಖನ ಕಲಿಸಿದವಳು ನಾನು, ಮಗಳಿಗೆ ಬರೆಯುವುದು ಇದೇ ಮೊದಲು.

ದೀಪಾವಳಿಗೆ ಬಂದಾಗ ನೀನು, ಕಾರವಾರದ ಲ್ಯಾಬಿನಲ್ಲಿ ನಿನ್ನ ಸಂಶೋಧನೆ ಏನೆಂದು ಹೇಳಿದೆ. ಸಮುದ್ರದ ಕಪ್ಪೆಚಿಪ್ಪು ಒಡೆದು, ಒಳಗಿನ ಮಾಂಸದಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ತೆಗೆಯುವುದು. ನನ್ನ ಕಿವಿಗೆ ಬಿದ್ದದ್ದು ಮಾಂಸ ಎಂಬ ಒಂದೇ ಮಾತು. “ಆ ಕೈಲೆ ದೇವರ ಮನಿ ದೀಪ ಮುಟ್ಟಬ್ಯಾಡ” ಎಂದೆ. ನೀನು ಹೊಸೆಯುತ್ತಿದ್ದ ಬತ್ತಿ ಕೆಳಗಿಟ್ಟು ಎದ್ದೆ. ಹೋಳಿಗೆ ತಿನ್ನದೆ ಸಂಜೆಯ ಬಸ್ಸಿಗೆ ಹೊರಟೆ. ನಿಮ್ಮಪ್ಪ ತಡೆಯಲಿಲ್ಲ, ನಾನೂ ತಡೆಯಲಿಲ್ಲ.

ಈಗ ನಿನಗೆ ಹೇಳದೇ ಇಟ್ಟ ಸಂಗತಿ. ಹೆದರಬೇಡ, ಆರಾಮಾಗಿ ಮನೆಯಲ್ಲಿ ಕುಳಿತೇ ಬರೆಯುತ್ತಿದ್ದೇನೆ. ಕಳೆದ ತಿಂಗಳು ಬ್ಯಾಡಗಿಗೆ, ನಿನ್ನ ಚಿಕ್ಕವ್ವ ಭರಮವ್ವನ ಮನೆಗೆ ಹೋಗಿದ್ದೆ. ವರ್ಷದ ಖಾರಪುಡಿಗೆಂದು ಮೂರು ದಿನ ಕೂತಲ್ಲೇ ಕೂತು ಮೆಣಸಿನಕಾಯಿ ತೊಟ್ಟು ತೆಗೆದೆವು. ನಾಲ್ಕನೆಯ ದಿನ ನನ್ನ ಎಡಗಾಲು ಬಾತು ಕಂಬದಂತಾಯಿತು. ಚಿಕ್ಕವ್ವ ಬಿಸಿ ಎಣ್ಣೆ ಹಚ್ಚಿ ತಿಕ್ಕಲು ಬಂದಳು. ಪುಣ್ಯಕ್ಕೆ ಅವಳ ಸೊಸೆ ಬಿಡಲಿಲ್ಲ, ನನ್ನನ್ನು ಹಾವೇರಿಯ ಆಸ್ಪತ್ರೆಗೆ ಕರೆದೊಯ್ದಳು.

ಅಲ್ಲಿಯ ಡಾಕ್ಟರ್ ನಾಗಲಕ್ಷ್ಮಿ ಸ್ಕ್ಯಾನ್ ಮಾಡಿಸಿದರು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಅದು ಸರಿದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ ಎಂದರು. ಇಂಜೆಕ್ಷನ್ ತಂದರು. ನಿನ್ನ ನೆನಪಾಗಿಯೋ ಏನೋ, ಅದನ್ನು ಯಾವುದರಿಂದ ಮಾಡುತ್ತಾರೆ ಎಂದು ಕೇಳಿಬಿಟ್ಟೆ.

“ಖರೇ ಹೇಳಲೇನ್ರಿ ಅಮ್ಮಾರ? ಹಂದಿ ಕರುಳಿನಿಂದ. ಬ್ಯಾರೆ ಔಷಧಿನೂ ಐತ್ರಿ, ಹುಬ್ಬಳ್ಳಿಯಿಂದ ತರಿಸಬೇಕು. ಆದ್ರ ಕಾಯೋದು ಚಲೋ ಅಲ್ರಿ” ಎಂದರು.

ಕೊರಳಿನ ಲಿಂಗ ಹಿಡಿದು ಕಣ್ಣು ಮುಚ್ಚಿದೆ. ನೀನು ಕಣ್ಣ ಮುಂದೆ ಬಂದೆ, ಬತ್ತಿ ಕೆಳಗಿಟ್ಟು ಏಳುತ್ತಿದ್ದವಳು. “ಹಾಕ್ರಿ” ಎಂದೆ.

ಆಮೇಲೆ, ಸಮುದ್ರದ ಚಿಪ್ಪಿನಿಂದಲೂ ಇಂಥದ್ದು ಮಾಡಬಹುದೇ ಎಂದು ಕೇಳಿದೆ. ಸಂಶೋಧನೆ ನಡೆದಿದೆ, ಔಷಧಿಯಾಗಿ ಬರಲು ಇನ್ನೂ ಬಹಳ ಕಾಲ ಬೇಕು ಎಂದರು.

“ನನ್ನ ಮಗಳು ಅದನ್ನ ಮಾಡಾಕತ್ತಾಳ್ರಿ” ಎಂದೆ.

ಅವರು ಕುರ್ಚಿ ಎಳೆದುಕೊಂಡು ಕುಳಿತುಬಿಟ್ಟರು. ಯಾವ ಜಾತಿಯ ಚಿಪ್ಪು, ಅಂಶ ತೆಗೆಯುವುದು ಹೇಗೆ, ಇಲಿಗಳ ಮೇಲೆ ಪರೀಕ್ಷೆ ಆಗಿದೆಯೇ ಎಂದೆಲ್ಲ ಕೇಳಿದರು. “ಅಕೀನ್ನ ಕೇಳಬೇಕ್ರಿ” ಎಂದೆ. ಅವತ್ತು ನಿನ್ನನ್ನು ಪೂರ್ತಿ ಹೇಳಲು ಬಿಟ್ಟಿರಲಿಲ್ಲವಲ್ಲ. ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಬಾವು ಇಳಿದಿದೆ. ಗುಳಿಗೆ ತಪ್ಪಿಸುವುದಿಲ್ಲ, ದಿನಾ ಹೊಳೆಯ ತನಕ ನಡೆದು ಬರುತ್ತೇನೆ. ದೀಪಾವಳಿಯ ದಿನ ಆ ಮಾತು ನಾನು ಆಡಬಾರದಿತ್ತು, ಶ್ರೀದೇವಿ. ಯುಗಾದಿಗೆ ಬಾ. ನಿನ್ನ ಕೆಲಸದ ಬಗ್ಗೆ ಮೊದಲಿನಿಂದ ಹೇಳು, ನಡುವೆ ಬಾಯಿ ಹಾಕುವುದಿಲ್ಲ.

ನಿನ್ನ ದಾರಿ ಕಾಯುತ್ತಿರುವ ಅವ್ವ,
ಗದಿಗೆವ್ವ

ತಾ.ಕ.: ಆ ಇಂಜೆಕ್ಷನ್ ಯಾವುದರದ್ದೆಂದು ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ. ಬೆಳಿಗ್ಗೆ ಅವರ ಪೂಜೆಗೆ ಹೂವು ಇಡುವಾಗ ಬಾಯಿ ತನಕ ಬರುತ್ತದೆ, ನುಂಗಿಕೊಳ್ಳುತ್ತೇನೆ. ನೀನು ಬಂದಾಗ ಒಂದಿಷ್ಟು ಹೊತ್ತು ನನ್ನ ಪಕ್ಕದಲ್ಲಿ ಕುಳಿತಿರು. ನಾನೇ ಹೇಳುತ್ತೇನೆ.